ದೇವದುರ್ಗದ ಬಸ್ಸಿನಲ್ಲಿ ಯಾರದೋ ಕೂಸು

ಮಫ್ತಿಯಲ್ಲಿರುವ ಹೆಣ್ಣು ಪೊಲೀಸನ್ನು ಗುರುತಿಸುವುದು ಬಲು ಸುಲಭ. ಕಂಡಕ್ಟರ್ ಆಕೆಯ ಹತ್ತಿರ ಆಧಾರ್ ಕಾರ್ಡ್ ಕೇಳುವುದಿಲ್ಲ.

ಇದನ್ನು ನನಗೆ ಹೇಳಿಕೊಟ್ಟವಳು ಮಾನವಿ ಬಸ್ಸಿನಲ್ಲಿ ನನ್ನ ಪಕ್ಕ ಕುಳಿತಿದ್ದ ಒಬ್ಬ ಮುದುಕಿ. ಅವತ್ತು ನಾನು ಸಾದಾ ಸೀರೆ ಉಟ್ಟು, ಕೊರಳಿಗೆ ಬಂಗಾರದಂತೆ ಕಾಣುವ ಬಂಗಾರವಲ್ಲದ ಬೋರಮಾಳ ಹಾಕಿಕೊಂಡು, ಕೈಯಲ್ಲಿ ತರಕಾರಿ ಚೀಲ ಹಿಡಿದು, ನನ್ನ ಲೆಕ್ಕದಲ್ಲಿ ಅಪ್ಪಟ ಗೃಹಿಣಿಯಾಗಿ ಕುಳಿತಿದ್ದೆ. ಬಸ್ಸು ರಾಯಚೂರು ದಾಟುವ ಮೊದಲೇ ಆಕೆ ನನ್ನ ಕಿವಿಯ ಹತ್ತಿರ ಬಾಗಿದಳು.

“ಯವ್ವಾ, ನೀ ಪೊಲೀಸ್ ಅದೀಯಲ್ಲ?”

“ಹೆಂಗ ಗೊತ್ತಾತಬೇ?”

“ನನ್ನ ಕಾರ್ಡ್ ಕೇಳಿದ, ನನ್ನ ಸೊಸಿ ಕಾರ್ಡ್ ಕೇಳಿದ, ಹಿಂದ ಕುಂತಾಕಿಗೆ ಕಾರ್ಡಿನ್ಯಾಗಿನ ಮಾರಿ ನಿಂದಲ್ಲ ಅಂತ ಜಗಳ ತಗದ. ನಿನ್ನ ಮುಂದ ಬಂದವನ ನೆಲ ನೋಡ್ಕೋತ ಹೋದ. ಮತ್ತ ನೀ ಪೊಲೀಸ್ ಅಲ್ಲದ ಅವನ ಅತ್ತಿ ಏನು?”

ಸುತ್ತಲಿನ ನಾಲ್ಕು ಸೀಟಿನವರು ನಕ್ಕರು. ನನಗೆ ಕೆಟ್ಟ ಸಿಟ್ಟು ಬಂತು. ಮುದುಕಿಯ ಮೇಲಲ್ಲ, ಕಂಡಕ್ಟರನ ಮೇಲೆ. ಬಸ್ ಇಳಿದ ಮೇಲೆ ಅವನನ್ನು ಹಿಡಿದು, ಎಲ್ಲರಂತೆ ನನ್ನನ್ನೂ ಕಾರ್ಡ್ ಕೇಳಬೇಕು, ಸೊನ್ನೆ ಟಿಕೆಟ್ ಹರಿದು ಕೊಡಬೇಕು ಎಂದು ತಾಕೀತು ಮಾಡಿದೆ. ಮರುದಿನ ಆ ಪುಣ್ಯಾತ್ಮ ನನ್ನ ಮುಂದೆ ನಿಂತು, ಎರಡೂ ಕೈ ಜೋಡಿಸಿ, “ಮೇಡಂ, ತಪ್ಪು ತಿಳೀಬ್ಯಾಡ್ರಿ, ದಯವಿಟ್ಟು ತಮ್ಮ ಆಧಾರ್ ಕಾರ್ಡ್ ಒಮ್ಮೆ ತೋರಸ್ತೀರೇನ್ರಿ?” ಎಂದು ಕೇಳಿದ. ಅವನು ಹುಟ್ಟಿದಾಗಿನಿಂದ ಯಾರೊಂದಿಗೂ ಅಷ್ಟು ಮರ್ಯಾದೆಯಿಂದ ಮಾತಾಡಿರಲಿಲ್ಲ ಎಂದು ಕಾಣುತ್ತದೆ. ಇಡೀ ಬಸ್ಸು ತಿರುಗಿ ನನ್ನನ್ನು ನೋಡಿತು.

ಹೆಂಗಸರಿಗೆ ಬಸ್ ಫ್ರೀ ಆದ ಮೇಲೆ ನಮ್ಮ ಕಡೆಯ ಬಸ್ಸುಗಳಲ್ಲಿ ಕಾಲಿಡಲು ಜಾಗ ಇರಲಿಲ್ಲ. ತವರಿಗೆ ವರ್ಷಕ್ಕೊಮ್ಮೆ ಹೋಗುತ್ತಿದ್ದವರು ತಿಂಗಳಿಗೊಮ್ಮೆ ಹೊರಟರು. ಸಿರವಾರದವರು ಬಳೆ ತೊಡಲು ರಾಯಚೂರಿಗೆ ಬಂದರು. ನನಗಂತೂ ಅದನ್ನು ನೋಡುವುದೇ ಒಂದು ಖುಷಿ. ಆದರೆ ಎಲ್ಲಿ ಗದ್ದಲವೋ ಅಲ್ಲಿ ಕಳ್ಳರು. ಪರ್ಸು, ಮೊಬೈಲು, ಕೊರಳ ಸರ ಒಂದೊಂದಾಗಿ ಮಾಯವಾಗತೊಡಗಿದವು. ಬಸ್ಸು ಒಂದೂರಿನಿಂದ ಇನ್ನೊಂದೂರಿಗೆ ಓಡುತ್ತಿರುತ್ತದೆ, ಕಳ್ಳತನವೂ ಅದರೊಳಗೇ ಓಡುತ್ತಿರುತ್ತದೆ, ಸ್ಟೇಷನ್ನಿನ ಗಡಿ ಮಾತ್ರ ನಿಂತಲ್ಲೇ ನಿಂತಿರುತ್ತದೆ. ಸರ ಹೋದದ್ದು ಎಲ್ಲಿ ಎಂದು ಕೇಳಿದರೆ, “ಹತ್ತುವಾಗ ಇತ್ತು, ಇಳಿಯುವಾಗ ಇರಲಿಲ್ಲ” ಎನ್ನುವುದಷ್ಟೇ ಯಾರಿಗಾದರೂ ಗೊತ್ತು.

ಹಾಗಾಗಿ ರಾಯಚೂರು, ಮಾನವಿ, ದೇವದುರ್ಗ ಮೂರೂ ಊರಿನ ನಮ್ಮವರು, ಬಸ್ ಡಿಪೋದವರು ಒಟ್ಟಿಗೆ ಕುಳಿತು ಒಂದು ಏರ್ಪಾಡು ಮಾಡಿದರು. ಬಸ್ಸುಗಳಲ್ಲಿ ಮಫ್ತಿಯ ಹೆಣ್ಣು ಪೊಲೀಸರು ಓಡಾಡುವುದು. ಕಂಡಕ್ಟರುಗಳು, ಆಟೋದವರು, ಬಸ್ ಸ್ಟ್ಯಾಂಡಿನ ಅಂಗಡಿಯವರು, ದಿನಾ ಓಡಾಡುವ ಪ್ರಯಾಣಿಕರು, ಪೊಲೀಸರು ಎಲ್ಲ ಸೇರಿದ ಒಂದು ವಾಟ್ಸಾಪ್ ಗ್ರೂಪು. ಮತ್ತು ಮೂರೂ ಬಸ್ ಸ್ಟ್ಯಾಂಡಿನ ಮೈಕಿನಲ್ಲಿ ಒಂದು ಪ್ರಕಟಣೆ.

ಪ್ರಕಟಣೆ ಬರೆದವರು ನಮ್ಮ ಸಾಹೇಬರು. ಬೆಂಗಳೂರು ಕಡೆಯವರು, ಒಳ್ಳೆಯ ಮನುಷ್ಯ, ಶುದ್ಧವಾದ ಕನ್ನಡ. ಓದಿದವಳು ನಾನು, ಯಾಕೆಂದರೆ ಸ್ಟೇಷನ್ನಿನಲ್ಲಿ ಎಲ್ಲರಿಗಿಂತ ದೊಡ್ಡ ದನಿ ನನ್ನದು. ಅದನ್ನು ಹೊಗಳಿಕೆ ಎಂದೇ ತಿಳಿದು ಓದಿಕೊಟ್ಟೆ. ಅಂದಿನಿಂದ ನನ್ನ ದನಿ ನನಗಿಂತ ಮೊದಲೇ ಎಲ್ಲ ಕಡೆ ತಲುಪತೊಡಗಿತು. ದೇವದುರ್ಗದಲ್ಲಿ ಬಾಳೆಹಣ್ಣು ಕೊಳ್ಳುತ್ತ ನಿಂತರೆ ತಲೆಯ ಮೇಲೆ ನಾನೇ ನನಗೆ ಎಚ್ಚರಿಕೆ ಹೇಳುತ್ತಿದ್ದೆ. ಮಾನವಿಯಲ್ಲಿರುವ ನನ್ನ ಅತ್ತೆಯಂತೂ, “ಮನ್ಯಾಗ ಬೈಯೂದು ಸಾಲದಂತ ಈಗ ಬಸ್ ಸ್ಟ್ಯಾಂಡಿನ್ಯಾಗೂ ಹಚ್ಚೀಯೇನು?” ಎಂದರು.

ಆ ಪ್ರಕಟಣೆಯಲ್ಲಿ ಒಂದು ಸಾಲಿತ್ತು. ಅದನ್ನು ವಿವರಿಸಬೇಕಾದರೆ ನಮ್ಮ ಬಸ್ಸಿನ ಒಂದು ಪದ್ಧತಿಯನ್ನು ಹೇಳಬೇಕು.

ನಮ್ಮ ಕಡೆ ಬಸ್ಸಿನಲ್ಲಿ ಸೀಟು ಸಿಕ್ಕವರಿಗೆ ಸೀಟು ಮಾತ್ರ ಸ್ವಂತ, ತೊಡೆ ಎಲ್ಲರದು. ನಿಂತವರು ಕೇಳುವುದೂ ಇಲ್ಲ. ಬ್ಯಾಗು, ಬುತ್ತಿ, ಕೊತ್ತಂಬರಿ ಕಟ್ಟು, ಕೂಸು, ಯಾವುದಿದ್ದರೆ ಅದನ್ನು ಕುಳಿತವರ ತೊಡೆಯ ಮೇಲಿಡುತ್ತಾರೆ. ಕುಳಿತವರು ಮಾತು ನಿಲ್ಲಿಸದೆ ಹಿಡಿದುಕೊಳ್ಳುತ್ತಾರೆ. ಎರಡು ಸ್ಟಾಪು ಹೋದ ಮೇಲೆ ಕೂಸು ಅವರ ತೊಡೆಯಲ್ಲೇ ನಿದ್ದೆ ಹೋಗಿರುತ್ತದೆ. ಇಳಿಯುವಾಗ ತಾಯಿ, “ಕೊಡವ್ವಾ” ಎನ್ನುತ್ತಾಳೆ, ಇವರು ಕೊಡುತ್ತಾರೆ. ಹೆಸರು ಕೇಳಿರುವುದಿಲ್ಲ, ಊರು ಕೇಳಿರುವುದಿಲ್ಲ. ನಾನು ಸಣ್ಣವಳಿದ್ದಾಗ ಎಷ್ಟು ಹೆಂಗಸರ ತೊಡೆಯ ಮೇಲೆ ಮಾನವಿಯಿಂದ ರಾಯಚೂರಿಗೆ ಬಂದಿದ್ದೇನೋ ನಮ್ಮವ್ವನಿಗೂ ಲೆಕ್ಕ ಗೊತ್ತಿಲ್ಲ.

ಕಳ್ಳಿಯರ ಒಂದು ಜೋಡಿ ಇದನ್ನೇ ತಮ್ಮ ಉಪಾಯ ಮಾಡಿಕೊಂಡಿತು. ಒಬ್ಬಳು ಟವೆಲ್ಲಿನಲ್ಲಿ ಸುತ್ತಿದ ಕೂಸನ್ನು ಕುಳಿತವಳ ತೊಡೆಗೆ ಹಾಕುವುದು. ಕುಳಿತವಳ ಎರಡೂ ಕೈ ಕೂಸಿನ ಮೇಲೆ ಹೋಗುತ್ತವೆ. ಅಷ್ಟರಲ್ಲಿ ಎರಡನೆಯವಳು ಆಕೆಯ ಬ್ಯಾಗಿನ ಜಿಪ್ಪು ಎಳೆಯುವುದು. ಸಾಹೇಬರು ಪ್ರಕಟಣೆಯಲ್ಲಿ ಸೇರಿಸಿದ್ದು ಇಷ್ಟು: “ಅಪರಿಚಿತರ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಡಿ. ಮುಖ ಮುಚ್ಚಿದ ಕೂಸನ್ನು ಹಿಡಿದುಕೊಳ್ಳಲು ಯಾರಾದರೂ ಕೇಳಿದರೆ ಕೂಡಲೇ ಪೊಲೀಸರಿಗೆ ತಿಳಿಸಿ.”

ಏರ್ಪಾಡು ಕೆಲಸ ಮಾಡಿತು, ಅದನ್ನು ಅಲ್ಲಗಳೆಯುವುದಿಲ್ಲ. ಸಿರವಾರದ ಹತ್ತಿರ ಒಬ್ಬಾಕೆಯ ಪರ್ಸು ಹೋಯಿತು, ಕಂಡಕ್ಟರ್ ಗ್ರೂಪಿಗೆ ಹಾಕಿದ, ಆ ಜೋಡಿ ಮಾನವಿಯಲ್ಲಿ ಇಳಿಯುವ ಹೊತ್ತಿಗೆ ನಮ್ಮವರು ಬಾಗಿಲಲ್ಲೇ ನಿಂತಿದ್ದರು. ಕೂಸು ಎಂದುಕೊಂಡದ್ದು ಟವೆಲ್ಲಿನಲ್ಲಿ ಸುತ್ತಿದ ತಲೆದಿಂಬು. ನಾವು ಅವತ್ತು ಸ್ಟೇಷನ್ನಿನಲ್ಲಿ ಮಿರ್ಚಿ ಭಜಿ ತರಿಸಿ ತಿಂದೆವು. ಆ ಮೇಲೆ ಬಸ್ಸಿನಲ್ಲಿ ಕಳ್ಳತನದ ದೂರು ಅಪರೂಪವಾಯಿತು. ಪ್ರಕಟಣೆ ಮಾತ್ರ ಮುಂದುವರಿಯಿತು.

ನಾನು ಹೇಳಬೇಕೆಂದಿರುವ ದಿನ ಬಂದದ್ದು ಇದಾದ ಮೇಲೆ.

ಬೆಳಿಗ್ಗೆ ದೇವದುರ್ಗದ ಬಸ್ ಸ್ಟ್ಯಾಂಡಿನಲ್ಲಿ ರಾಯಚೂರಿನ ಬಸ್ಸಿಗಾಗಿ ನಿಂತಿದ್ದೆ, ಅದೇ ಬೋರಮಾಳ, ಅದೇ ತರಕಾರಿ ಚೀಲ. ಒಬ್ಬ ಎಳೆಯ ವಯಸ್ಸಿನ ಹೆಣ್ಣುಮಗಳು ಎದೆಗೆ ಕೂಸನ್ನು ಅವಚಿಕೊಂಡು ಬಂದು ಪಕ್ಕದಲ್ಲಿ ನಿಂತಳು. ಕೂಸಿನ ಮೇಲೆ ಟವೆಲ್ಲು, ಟವೆಲ್ಲಿನ ಮೇಲೆ ಸೆರಗು.

“ಅಕ್ಕಾರ, ಈ ಬಸ್ಸು ಮಧ್ಯಾಹ್ನ ಒಂದು ಗಂಟಿ ಒಳಗ ರಾಯಚೂರು ದವಾಖಾನಿಗೆ ಮುಟ್ಟಸ್ತದೇನ್ರಿ?” ಎಂದು ಕೇಳಿದಳು. “ಹೊರಗಿಂದ ದೊಡ್ಡ ಡಾಕ್ಟರು ಬಂದಾರಂತ. ಇವತ್ತೊಂದೇ ದಿನ ಕೂಸುಗಳ್ನ ನೋಡಿ, ಆಪರೇಷನ್ ಯಾರಿಗೆ ಮಾಡೂದಂತ ಹೆಸರು ಬರಕೋತಾರಂತ. ಒಂದು ಗಂಟಿಗೆ ಹೊಂಟುಬಿಡ್ತಾರಂತ್ರಿ. ನಾ ಮುಟ್ಟಲಿಲ್ಲಂದ್ರ ಮತ್ತ ಯಾವಾಗ ಬರತಾರೋ ಗೊತ್ತಿಲ್ಲ.”

“ಮುಟ್ಟಸ್ತದ, ಮುಟ್ಟಸ್ತದ” ಎಂದೆ.

ಬಾಯಿ ಹಾಗೆ ಹೇಳಿತು, ತಲೆಯೊಳಗಿನ ಪೊಲೀಸು ಬೇರೆಯೇ ಹೇಳುತ್ತಿತ್ತು. ಮುಖ ಮುಚ್ಚಿದ ಕೂಸು. ಜೊತೆಗೆ ಯಾರೂ ಇಲ್ಲ. ದವಾಖಾನೆಯ ಕಥೆ, ಅದೂ ಕೇಳದೆಯೇ ಹೇಳಿದ್ದು. ಮಾನವಿಯಲ್ಲಿ ಸಿಕ್ಕ ಜೋಡಿಯೂ ದವಾಖಾನೆಯ ಕಥೆಯನ್ನೇ ಹೇಳಿತ್ತು. ಇವಳ ಜೋಡಿ ಎಲ್ಲಿದ್ದಾಳೆ ಎಂದು ಸುತ್ತ ನೋಡತೊಡಗಿದೆ. ಅಷ್ಟರಲ್ಲಿ ಮೈಕಿನಲ್ಲಿ ನನ್ನ ದನಿ ಬಂತು. ಅಪರಿಚಿತರ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಡಿ. ಆಕೆ ಕೂಸನ್ನು ಇನ್ನೂ ಗಟ್ಟಿಯಾಗಿ ಒತ್ತಿಕೊಂಡಳು.

ಬಸ್ಸು ಬಂದಾಗ ಎಂದಿನಂತೆ ಕಿಟಕಿಗಳಿಂದ ಟವೆಲ್ಲು, ಚೀಲ, ಚಪ್ಪಲಿ ಒಳಗೆ ಬಿದ್ದು ಸೀಟು ಹಿಡಿದವು. ನನಗೆ ಹಿಂದಿನ ಕಡೆ ಒಂದು ಮೂಲೆ ಸಿಕ್ಕಿತು. ಆಕೆಗೆ ಸಿಗಲಿಲ್ಲ. ಎರಡೂ ಕೈಯಲ್ಲಿ ಕೂಸಿದ್ದವಳು ಕಿಟಕಿಯಿಂದ ಏನು ಎಸೆದಾಳು? ನನಗಿಂತ ನಾಲ್ಕು ಸೀಟು ಮುಂದೆ, ಒಂದು ಕಂಬಕ್ಕೆ ಬೆನ್ನು ಕೊಟ್ಟು ನಿಂತಳು. ನಡುವೆ ಜನ ಅಕ್ಕಿ ಚೀಲ ಒಟ್ಟಿದ ಹಾಗೆ ಒಟ್ಟಿಕೊಂಡಿದ್ದರು.

ಮಸರಕಲ್‌ನಲ್ಲಿ ಇನ್ನಷ್ಟು ಜನ ಹತ್ತಿದರು. ಅಲ್ಲಿಂದ ಮುಂದೆ ರಸ್ತೆ ಕೆಟ್ಟಿತ್ತು. ಬಸ್ಸು ಒಮ್ಮೆ ಕುಪ್ಪಳಿಸಿದಾಗ ಆಕೆಯ ಬೆನ್ನು ಕಂಬ ಬಿಟ್ಟು ಜಾರಿತು. ಬಿದ್ದೇಬಿಡುತ್ತಿದ್ದಳು, ಪಕ್ಕದವರ ಭುಜ ತಡೆಯಿತು. ಆಗ ಆಕೆ ಕಿಟಕಿ ಪಕ್ಕ ಕುಳಿತಿದ್ದ ಒಬ್ಬ ಗಟ್ಟಿಮುಟ್ಟಾದ ಹೆಂಗಸನ್ನು ಕೇಳಿದಳು.

“ಯವ್ವಾ, ಗಬ್ಬೂರು ತನಕ ಕೂಸು ಹಿಡ್ಕೋತೀಯೇನು? ಕೈ ಸೋತಾವ.”

ಬೇರೆ ಕಾಲವಾಗಿದ್ದರೆ ಈ ಪ್ರಶ್ನೆ ಹುಟ್ಟುವ ಮೊದಲೇ ಕೂಸು ಆ ತೊಡೆಯ ಮೇಲೆ ಇರುತ್ತಿತ್ತು. ಆ ಹೆಂಗಸು ತನ್ನ ಬ್ಯಾಗನ್ನು ಹೊಟ್ಟೆಗೆ ಅಪ್ಪಿಕೊಂಡಳು.

“ಮಾರಿ ತೋರಸು ಮೊದಲ.”

“ಮಲಗ್ಯಾದ್ರಿ.”

“ಮಲಗಿದ್ರ ಮಾರಿ ಇರೂದಿಲ್ಲೇನು? ಟವಲ್ ತಗಿ.”

“ಬ್ಯಾಡ ಬಿಡ್ರಿ, ನಾನ ಹಿಡ್ಕೋತೀನಿ” ಎಂದು ಆಕೆ ಹಿಂದೆ ಸರಿದಳು.

ಅಷ್ಟು ಸಾಕಾಯಿತು. ಕಿಟಕಿ ಪಕ್ಕದ ಹೆಂಗಸು ದನಿ ಎತ್ತಿದಳು, “ನೋಡ್ರಿ, ಮೈಕಿನ್ಯಾಗ ಹೇಳತಾರಲ್ಲ, ಇಕೀನ ಇಕಿ! ಮಾರಿ ತೋರಸವಲ್ಲಳು!” ಒಬ್ಬಳು ಕೊರಳು ಮುಟ್ಟಿ ನೋಡಿಕೊಂಡಳು, ಇನ್ನೊಬ್ಬಳು ಜಿಪ್ಪು ಎಳೆದು ನೋಡಿಕೊಂಡಳು. ಕೂಸು ಕದ್ದು ಒಯ್ಯುತ್ತಿರಬೇಕು ಎಂದರು ಒಬ್ಬರು. ಕೂಸೇ ಇಲ್ಲ, ದಿಂಬು ಎಂದರು ಇನ್ನೊಬ್ಬರು. ಗೊಬ್ಬರದ ಅಂಗಡಿ ಇಟ್ಟಿದ್ದ ಒಬ್ಬ ಗೃಹಸ್ಥರು ನಮ್ಮ ಗ್ರೂಪಿನಲ್ಲಿ ಬಹಳ ಹುರುಪಿನವರು, ದಿನಾ ಬೆಳಿಗ್ಗೆ ಹೂವಿನ ಚಿತ್ರ ಹಾಕಿ ಶುಭೋದಯ ಹೇಳುವವರು. ಅವರು ಮೊಬೈಲ್ ಎತ್ತಿ ಫೋಟೋ ಹೊಡೆದರು.

ನನ್ನ ಚೀಲದೊಳಗೆ ಫೋನು ನಡುಗಿತು. ತೆಗೆದು ನೋಡಿದರೆ ಗ್ರೂಪಿನಲ್ಲಿ ಫೋಟೋ: ಮುಂದೆ ಆ ಹೆಣ್ಣುಮಗಳು, ಹಿಂದೆ ಮೂಲೆಯಲ್ಲಿ ಬಾಯಿ ತೆರೆದುಕೊಂಡು ಕುಳಿತ ನಾನು. ಕೆಳಗೆ, “ಶಂಕಿತ ಮಹಿಳೆ, ದೇವದುರ್ಗ ರಾಯಚೂರು ಬಸ್, ಬೇಗ ಬರ್ರಿ.” ಒಂದರ ಹಿಂದೆ ಒಂದು ಉತ್ತರ ಬರತೊಡಗಿದವು. ಮಾನವಿಯ ಆಟೋದವರೊಬ್ಬರು ಕೋಪದ ಮುಖಗಳ ಸಾಲು ಹಾಕಿದರು. ಜೀಪಿನಲ್ಲಿದ್ದ ನಮ್ಮ ದಫೇದಾರರು, “ಗಬ್ಬೂರು ದಾಟಿ ಕ್ರಾಸಿನಲ್ಲಿ ನಿಂತಿದ್ದೇವೆ” ಎಂದು ಹಾಕಿದರು. ಮೂರು ಊರಿನ ಸಹಕಾರ ಎಂದರೆ ಇದೇ. ಎಂಥ ಚುರುಕು!

ನಾನು ಎದ್ದು ಜನರನ್ನು ತಳ್ಳುತ್ತ ಮುಂದೆ ಹೊರಟೆ. ಗಬ್ಬೂರಿನಲ್ಲಿ ಹತ್ತಿದವರು ಮತ್ತೆ ದಾರಿ ಕಟ್ಟಿದರು. ನಾನಿನ್ನೂ ಅರ್ಧ ದಾರಿಯಲ್ಲಿರುವಾಗಲೇ ಬಸ್ಸು ಕ್ರಾಸಿನಲ್ಲಿ ನಿಂತಿತು. ಕಂಡಕ್ಟರ್ ಬಾಗಿಲು ತೆರೆದ. ದಫೇದಾರರು ಫುಟ್‌ಬೋರ್ಡಿನ ಮೇಲೆ ಕಾಲಿಟ್ಟು, “ಇಳೀವ್ವಾ ಕೆಳಗ, ಸ್ವಲ್ಪ ವಿಚಾರ ಮಾಡೂದದ” ಎಂದರು. ಅವರು ಒರಟಾಗಿ ಹೇಳಲಿಲ್ಲ. ಆದರೆ ಇಡೀ ಬಸ್ಸು ನೋಡುತ್ತಿರುವಾಗ ಆ ಮಾತು ಮೆತ್ತಗೆ ಕೇಳುವುದಾದರೂ ಹೇಗೆ?

ಆಕೆ ಅಳಲಿಲ್ಲ. ಅಳುವುದಕ್ಕೂ ಆಕೆಗೆ ಹೊತ್ತಿರಲಿಲ್ಲ. “ಯಪ್ಪಾ, ಡಾಕ್ಟರು ಹೊಂಟುಬಿಡ್ತಾರ. ಕೂಸಿನ ಹೆಸರು ಬರಸಿ ಬಂದು ನೀವು ಹೇಳಿದಲ್ಲೆ ಬರ್ತೀನಿ. ಬಸ್ಸು ಬಿಡ್ರಿ ಯಪ್ಪಾ, ಬಸ್ಸು ಬಿಡ್ರಿ” ಎಂದು ಅದನ್ನೇ ಹೇಳಿದಳು. ಗಂಟೆ ಆಗಲೇ ಹನ್ನೆರಡರ ಹತ್ತಿರ ಬಂದಿತ್ತು. ಇಲ್ಲಿ ಇಳಿದು, ಹೇಳಿಕೆ ಕೊಟ್ಟು, ಇನ್ನೊಂದು ಬಸ್ಸು ಹಿಡಿದರೆ ಒಂದು ಗಂಟೆಯೊಳಗೆ ಮುಟ್ಟುವ ಮಾತೇ ಇರಲಿಲ್ಲ.

ನಾನು ಆಕೆಯ ಪಕ್ಕ ತಲುಪಿದೆ. ದಫೇದಾರರು ನನ್ನನ್ನು ಕಂಡು ಅಭ್ಯಾಸಬಲದಿಂದ, “ನಮಸ್ಕಾರ ಮೇಡಂ” ಎಂದುಬಿಟ್ಟರು. ಅಲ್ಲಿಗೆ ನನ್ನ ಮಫ್ತಿ ಮುಗಿಯಿತು.

“ಕೂಸು ಇಲ್ಲಿ ಕೊಡು ತಂಗಿ” ಎಂದೆ.

ಆಕೆ ನನ್ನನ್ನು ನೋಡಿದಳು. ಬಸ್ ಸ್ಟ್ಯಾಂಡಿನಲ್ಲಿ ಮುಟ್ಟಸ್ತದ ಎಂದವಳು ಈಕೆಯೇ, ಪೊಲೀಸೂ ಈಕೆಯೇ ಎನ್ನುವುದು ಆಕೆಗೆ ಅರ್ಥವಾಗುತ್ತಿರುವುದು ಕಾಣಿಸಿತು. ಕೊಡದೆ ಬೇರೆ ದಾರಿ ಇಲ್ಲದ್ದಕ್ಕೆ ಕೊಟ್ಟಳು. ನಾನು ಅಲ್ಲೇ ಒಂದು ಸೀಟಿನ ಅಂಚಿಗೆ ಕುಳಿತು, ತೊಡೆಯ ಮೇಲೆ ಕೂಸನ್ನು ಮಲಗಿಸಿ, ಟವೆಲ್ಲನ್ನು ಒಂದು ಬದಿಯಿಂದ ಸ್ವಲ್ಪ ಎತ್ತಿದೆ. ಉಳಿದವರಿಗೆ ಕಾಣದ ಹಾಗೆ.

ದಿಂಬಲ್ಲ. ಆರೇಳು ತಿಂಗಳ ಹೆಣ್ಣು ಕೂಸು. ದೊಡ್ಡ ದೊಡ್ಡ ಕಣ್ಣು ಬಿಟ್ಟುಕೊಂಡು ಎಚ್ಚರವಾಗಿಯೇ ಇತ್ತು. ಮೇಲಿನ ತುಟಿ ಮೂಗಿನ ತನಕ ಸೀಳಿತ್ತು. ನನ್ನನ್ನು ಕಂಡು ಆ ಸೀಳಿದ ತುಟಿಯಲ್ಲೇ ಅಗಲವಾಗಿ ನಕ್ಕಿತು.

“ಗ್ರಹಣದಾಗ ಕತ್ತರಿ ಹಿಡದಿ, ಅದಕ್ಕ ಹಿಂಗಾತು ಅಂತಾರ್ರಿ ಮನ್ಯಾಗ” ಎಂದಳು ತಾಯಿ, ನನಗಷ್ಟೇ ಕೇಳುವ ಹಾಗೆ. “ನಾ ಯಾವ ಕತ್ತರೀನೂ ಹಿಡದಿಲ್ಲರಿ. ಯಾರರ ನೋಡಿದ್ರ ಬಾಯಿ ಮ್ಯಾಲ ಕೈ ಇಟ್ಕೋತಾರ. ಚಮಚದ್ಲೆ ಹಾಲು ಹಾಕಿ ಹಾಕಿ ಇಷ್ಟು ಮಾಡೀನಿ. ಆಪರೇಷನ್ ಆದ್ರ ಎಲ್ಲಾ ಕೂಸಿನಂಗ ಆಗತದಂತ.”

ಕನಿಕರ ಬಂದಾಗ ನನಗೆ ಸಿಟ್ಟೂ ಬರುತ್ತದೆ, ಅದು ನನ್ನ ಹುಟ್ಟುಗುಣ. ಟವೆಲ್ಲು ಮುಚ್ಚಿ ಎದ್ದು ನಿಂತು, ಮೂರು ಬಸ್ ಸ್ಟ್ಯಾಂಡಿನಲ್ಲಿ ಕೇಳುವ ಆ ದನಿಯಲ್ಲೇ ಹೇಳಿದೆ, “ಕೂಸಿಗೆ ಹುಷಾರಿಲ್ಲ. ದವಾಖಾನಿಗೆ ಹೊಂಟದ. ಇನ್ನ ಯಾರರ ಮಾರಿ ತೋರಸು ಅಂದ್ರ ಅವರ ಮಾರಿ ಮೊದಲ ಗ್ರೂಪಿಗೆ ಹಾಕತೀನಿ!”

ಜನ ದನಿ ಗುರುತು ಹಿಡಿದರು. “ಮೈಕಿನಾಕಿ, ಮೈಕಿನಾಕಿ” ಎಂದು ಹಿಂದಿನವರೆಗೂ ಪಿಸುಮಾತು ಹರಿಯಿತು. ಗೊಬ್ಬರದ ಅಂಗಡಿಯವರು ತಮ್ಮ ಮೊಬೈಲನ್ನು ಜೇಬಿಗೆ ಇಳಿಸಿದರು. ಕಿಟಕಿ ಪಕ್ಕದ ಹೆಂಗಸು ಎದ್ದು ತಾಯಿಯ ರಟ್ಟೆ ಹಿಡಿದು ತನ್ನ ಸೀಟಿನಲ್ಲಿ ಕೂಡಿಸಿದಳು. “ಕುಂದ್ರು ಯವ್ವಾ. ನಾ ನಿಂದರತೀನಿ. ನಂದೂ ತಪ್ಪಲ್ಲ, ದಿನಾ ಹತ್ತು ಸಲ ಮೈಕಿನ್ಯಾಗ ಬಡಕೊಂಡ್ರ ತಲಿ ಕೆಡೂದಿಲ್ಲೇನು?” ಎಂದು ನನ್ನ ಕಡೆ ನೋಡಿದಳು.

ದಫೇದಾರರು ಇನ್ನೂ ಫುಟ್‌ಬೋರ್ಡಿನ ಮೇಲೇ ಇದ್ದರು.

“ಜೀಪಿನ್ಯಾಗ ಕರಕೊಂಡು ಹೋಗ್ಲೇನು ಮೇಡಂ? ಲಗೂ ಮುಟ್ಟತೀವಿ.”

ತಾಯಿ ಸೀಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. “ಜೀಪ್ ಬ್ಯಾಡ್ರಿ. ನಮ್ಮೂರವರು ಯಾರರ ನೋಡಿದ್ರ ಮುಗೀತು. ಪೊಲೀಸರು ಒಯ್ದ್ರಂತ ಅಂತಾರ, ದವಾಖಾನಿಗೆ ಒಯ್ದ್ರಂತ ಯಾರೂ ಅನ್ನೂದಿಲ್ಲ.”

ಅದು ಸರಿಯಾದ ಮಾತೇ. ದಫೇದಾರರು ಮೀಸೆ ತಿರುವುತ್ತ ಒಂದು ಕ್ಷಣ ಯೋಚಿಸಿ, “ಹಂಗಂದ್ರ ನಾ ಮುಂದ ಹೊಂಟಿರ್ತೀನಿ, ಬಸ್ಸು ಹಿಂದ ಬರಲಿ” ಎಂದರು. ಆಮೇಲೆ ನಡೆದದ್ದನ್ನು ನೆನೆಸಿದರೆ ಈಗಲೂ ನಗು ಬರುತ್ತದೆ. ಮುಂದೆ ದೀಪ ಹೊತ್ತಿಸಿಕೊಂಡು, ಕುಂಯ್ ಎಂದು ಕೂಗಿಕೊಂಡು ಜೀಪು. ಹಿಂದೆ ತುಂಬಿ ತುಳುಕುವ ನಮ್ಮ ಹಳೆಯ ಕೆಂಪು ಬಸ್ಸು, ಒಂದು ಬದಿಗೆ ವಾಲಿಕೊಂಡು. ಭತ್ತ ಹೇರಿದ ಟ್ರ್ಯಾಕ್ಟರುಗಳು ಬದಿಗೆ ಸರಿದವು. ಎಮ್ಮೆಗಳು ಮಾತ್ರ ಸರಿಯಲಿಲ್ಲ, ಅವಕ್ಕೆ ದಫೇದಾರರೇ ಇಳಿದು ಹೇಳಬೇಕಾಯಿತು. ಡ್ರೈವರ್ ತನ್ನ ಸರ್ವಿಸಿನಲ್ಲೇ ಇಂಥ ದಿನ ಕಂಡಿರಲಿಲ್ಲ, ಮೈ ನೆಟ್ಟಗೆ ಮಾಡಿಕೊಂಡು ಸ್ಟೀರಿಂಗ್ ಹಿಡಿದ. ಕಲ್ಮಲಾದಲ್ಲಿ ಇಳಿಯಬೇಕಾದವರು, “ಇಳಸ್ರಿ” ಎನ್ನುವ ಮೊದಲೇ ಬಾಗಿಲಿಗೆ ಬಂದು ನಿಂತು, ಬಸ್ಸು ನಿಂತೂ ನಿಲ್ಲದ ಹಾಗೆ ಇಳಿದುಕೊಂಡರು. ರಾಯಚೂರಿನ ಸರ್ಕಲ್ಲಿನಲ್ಲಿ ಟ್ರಾಫಿಕ್ಕಿನವ, ಯಾರೋ ದೊಡ್ಡವರು ಬಂದರೆಂದು ಬಸ್ಸಿಗೆ ಸೆಲ್ಯೂಟ್ ಹೊಡೆದ. ಕಿಟಕಿಯಿಂದ ನಾಲ್ಕೈದು ಹೆಂಗಸರು ಅವನಿಗೆ ಕೈಬೀಸಿದರು.

ಆದರೂ ದಾರಿಯುದ್ದಕ್ಕೂ ಆ ತಾಯಿ ಟವೆಲ್ಲು ತೆಗೆಯಲಿಲ್ಲ. ಕೂಸನ್ನು ಹಿಡಿಯುತ್ತೇನೆ ಎಂದು ಮೂವರು ಕೈ ಚಾಚಿದರು. ಅವಳು ತಲೆ ಅಲ್ಲಾಡಿಸಿ, “ಇರಲಿ ಬಿಡ್ರಿ” ಎಂದಳು. ಆಕೆಗೆ ಸೀಟು ಸಿಕ್ಕಿತ್ತು ನಿಜ. ಆದರೆ ಆ ಬಸ್ಸಿನಲ್ಲಿ ಇನ್ನು ಯಾರ ಕೈಗೂ ತನ್ನ ಕೂಸನ್ನು ಕೊಡುವ ಮನಸ್ಸು ಆಕೆಗಿರಲಿಲ್ಲ. ನನಗೆ ಅದನ್ನು ನೋಡಲು ಬಹಳ ಕಷ್ಟವಾಯಿತು.

ಬಸ್ ಸ್ಟ್ಯಾಂಡಿನಿಂದ ಆಟೋ ಹಿಡಿದು ದವಾಖಾನೆಗೆ ಓಡಿದೆವು. ಡ್ಯೂಟಿ ಬಿಟ್ಟು ಹೋಗಬಾರದಿತ್ತು, ಹೋದೆ. ಯಾವ ಕಟ್ಟಡ, ಯಾವ ಮಹಡಿ ಎಂದು ಕೇಳುತ್ತ ಹತ್ತಿ ಇಳಿದು, ಕೊನೆಗೆ ಒಂದು ಉದ್ದನೆಯ ವರಾಂಡಕ್ಕೆ ಬಂದಾಗ ಒಂದು ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಡಾಕ್ಟರು ಒಳಗೆ ಇದ್ದರು. ತಾಯಿ ಗೋಡೆಗೆ ಒರಗಿ ಉಸಿರು ಬಿಟ್ಟಳು.

ಆಮೇಲೆ ವರಾಂಡದತ್ತ ನೋಡಿದಳು, ನಾನೂ ನೋಡಿದೆ.

ಗೋಡೆಯುದ್ದಕ್ಕೂ ಬೆಂಚುಗಳು. ಬೆಂಚಿನ ತುಂಬ ತಾಯಂದಿರು, ಅಜ್ಜಿಯರು. ಅವರ ತೊಡೆಗಳ ಮೇಲೆಲ್ಲ ಅದೇ ಸೀಳು ತುಟಿಯ ಕೂಸುಗಳು. ಒಂದು ಅಳುತ್ತಿತ್ತು, ಒಂದು ಬಿಸ್ಕೀಟು ಹಿಡಿದುಕೊಂಡಿತ್ತು, ಒಂದು ನೆಲದ ಮೇಲೆ ಅಂಬೆಗಾಲಿಡುತ್ತ ಯಾರದೋ ಚಪ್ಪಲಿ ಎಳೆಯುತ್ತಿತ್ತು. ಯಾವ ಮುಖದ ಮೇಲೂ ಬಟ್ಟೆ ಇರಲಿಲ್ಲ. ಯಾರೂ ಬಾಯಿ ಮೇಲೆ ಕೈ ಇಟ್ಟುಕೊಳ್ಳುತ್ತಿರಲಿಲ್ಲ. ಜಾಗ ಸಾಲದೆ ಒಬ್ಬರ ಕೂಸು ಇನ್ನೊಬ್ಬರ ತೊಡೆಯಲ್ಲಿತ್ತು, ಯಾರದು ಯಾರದೆಂದು ಹೇಳುವ ಹಾಗಿರಲಿಲ್ಲ.

ಅಷ್ಟರಲ್ಲಿ ಒಳಗಿನಿಂದ ಸಿಸ್ಟರ್ ಕೂಗಿದಳು, “ಈಗ ಬಂದವರು ಕಾರ್ಡ್ ತಗೊಂಡು ಬರ್ರಿ, ಕೂಸು ಇಲ್ಲೇ ಇರಲಿ, ಆಮ್ಯಾಲ ಕರೀತೀನಿ.”

ತಾಯಿಗೆ ಸೊಂಟದ ಚೀಲದಿಂದ ಆಧಾರ್ ಕಾರ್ಡ್ ತೆಗೆಯಬೇಕಿತ್ತು. ನಾನು ಕೈ ಚಾಚಿದೆ. ಆದರೆ ಬೆಂಚಿನ ಕೊನೆಯಲ್ಲಿ ಕುಳಿತಿದ್ದ ಬುರ್ಖಾ ತೊಟ್ಟ ಒಬ್ಬ ಹೆಂಗಸು ನನಗಿಂತ ಮೊದಲೇ ಕೈ ಚಾಚಿದ್ದಳು. “ದೇವ್ ಮಾ ಇಧರ್, ಇಲ್ಲಿ ಕೊಡು, ನಾ ಹಿಡ್ಕೋತೀನಿ, ನೀ ಹೋಗು” ಎಂದಳು. ಆಕೆಯ ತೊಡೆಯಲ್ಲಿ ಆಗಲೇ ಒಂದು ಕೂಸಿತ್ತು. ಅದನ್ನು ಒಂದು ಮಗ್ಗುಲಿಗೆ ಸರಿಸಿ ಜಾಗ ಮಾಡಿದಳು.

ತಾಯಿ ಒಂದು ಗಳಿಗೆ ನಿಂತಳು. ಆಮೇಲೆ ಟವೆಲ್ಲನ್ನು ಪೂರ್ತಿ ತೆಗೆದು ಹೆಗಲ ಮೇಲೆ ಹಾಕಿಕೊಂಡು, ಕೂಸನ್ನು ಆ ತೊಡೆಯ ಮೇಲೆ ಕೂಡಿಸಿ, ಹಿಂತಿರುಗಿ ನೋಡದೆ ಒಳಗೆ ಹೋದಳು.

ಹೊಸ ತೊಡೆಗೆ ಬಂದ ಕೂಸು ಸುತ್ತ ನೋಡಿತು. ಮಗ್ಗುಲಲ್ಲಿ ತನ್ನಂಥದೇ ಇನ್ನೊಂದು ಮುಖ ಕಂಡು ಅದರ ಕೆನ್ನೆಗೆ ಕೈ ಹಾಕಿತು. ಬುರ್ಖಾದ ಹೆಂಗಸು ಅಷ್ಟು ಹೊತ್ತೂ ಪಕ್ಕದವಳೊಡನೆ ಹತ್ತಿಯ ಧಾರಣೆ ಮಾತಾಡುತ್ತಲೇ ಇದ್ದಳು. ಆಕೆ ಯಾರು, ಯಾವ ಊರು ಎಂದು ನಾನೂ ಕೇಳಲಿಲ್ಲ.

ತಾಯಿ ಹೊರಗೆ ಬಂದಳು. ನನ್ನ ಹತ್ತಿರ ಬಂದು, “ಬರಕೊಂಡ್ರಿ ಅಕ್ಕಾರ. ನಮ್ಮ ಕೂಸಿನ ಹೆಸರೂ ಬರಕೊಂಡ್ರು, ಡಾಕ್ಟರು ನೋಡೇ ಹೋಗ್ತಾರಂತ” ಎಂದಳು. ಅವಳು ನಕ್ಕದ್ದನ್ನು ನಾನು ಆಗಲೇ ಮೊದಲು ನೋಡಿದ್ದು. ನಾನು ಅವಳ ಬೆನ್ನು ತಟ್ಟಿದೆ. ಅಷ್ಟರಲ್ಲಿ ಬುರ್ಖಾದವಳ ಸರದಿ ಬಂತು. ಅವಳು ಎದ್ದು, ಈಕೆಯನ್ನು ತನ್ನ ಜಾಗದಲ್ಲಿ ಕೂಡಿಸಿ, ಎರಡೂ ಕೂಸುಗಳನ್ನು, ಮೇಲೆ ತನ್ನ ಬ್ಯಾಗನ್ನೂ ಈಕೆಯ ತೊಡೆಗೆ ಹೇರಿ, ಕಾರ್ಡ್ ಹಿಡಿದು ಒಳಗೆ ನಡೆದಳು.

ಆಗ ಸಾಹೇಬರ ಫೋನು ಬಂತು.

“ಏನಮ್ಮಾ, ಗ್ರೂಪಲ್ಲಿ ಫೋಟೋ ಬಂದು ಎಷ್ಟು ಹೊತ್ತಾಯ್ತು, ಮುಂದಿನ ಸುದ್ದಿನೇ ಇಲ್ಲ. ಆ ಹೆಂಗಸು ಎಲ್ಲಿದ್ದಾಳೆ?”

“ನನ್ನ ಎದುರಿಗೇ ಅದಾಳ್ರಿ ಸರ್.”

“ಏನ್ ಮಾಡ್ತಿದ್ದಾಳೆ?”

“ಯಾರದೋ ಕೂಸು ತೊಡಿಮ್ಯಾಲ ಕೂಡಸ್ಕೊಂಡಾಳ್ರಿ. ಅವರ ಬ್ಯಾಗೂ ಹಿಡಕೊಂಡಾಳ.”

“ಮತ್ತೆ ನೀವು ನೋಡ್ತಾ ನಿಂತಿದ್ದೀರಾ?” ಸಾಹೇಬರ ದನಿ ಏರಿತು.

“ಹೌದ್ರಿ ಸರ್” ಎಂದೆ. “ನೋಡ್ಕೋತ ನಿಂತೀನಿ. ನೀವೂ ಒಂದೀಟು ಬಂದು ನೋಡಿ ಹೋಗ್ರಿ. ಆಮ್ಯಾಲ ಆ ಪ್ರಕಟಣಿ ಬ್ಯಾರೆ ಬರಕೊಡ್ರಿ, ನಾ ಮತ್ತ ಓದತೀನಿ.”